ಜರ್ಮನ್ ಹಡಗಿನ ಸವಾಲು, ನಾಗೇಶಿಯ ಕಲಗಿ

ನಾನು ಸಮುದ್ರ ನೋಡಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಎಷ್ಟೋ ಮೊದಲು, ಸಿಂದಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಕಾಲದಲ್ಲಿ, ಒಂದು ಜರ್ಮನ್ ಯುದ್ಧನೌಕೆಯ ಮೇಲೆ ಹಾಡು ಬರೆದು, ಆ ಹಾಡಿನಿಂದ ಮುದ್ದೇಬಿಹಾಳದ ಕಡೆಯ ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಿದೆ. ಹೀಗೆ ಹೇಳಿದರೆ ತಮಾಷೆಯ ಮಾತಿನಂತೆ ಕೇಳುತ್ತದೆ. ನಾನೇ ಎಷ್ಟೋ ಸಲ ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಇದನ್ನು ನಗು ಬರುವ ಹಾಗೆ ಹೇಳಿದ್ದೇನೆ, ಕಡೆಯ ಭಾಗ ಬಿಟ್ಟು. ಈಗ ಏನನ್ನೂ ಬಿಡದೆ ಬರೆಯಬೇಕೆಂದು ಕುಳಿತಿದ್ದೇನೆ.

ನಮ್ಮ ಇಂಡಿ-ಸಿಂದಗಿ ಸೀಮೆಯಲ್ಲಿ ಗೀಗೀ ಪದದ ಎರಡು ಮೇಳಗಳು ಎದುರುಬದುರು ನಿಂತು ಹಾಡುತ್ತವೆ. ಗಂಡು ಹೆಚ್ಚೆಂದು ವಾದಿಸುವವರು ಹರದೇಶಿಯವರು, ಹೆಣ್ಣು ಹೆಚ್ಚೆನ್ನುವವರು ನಾಗೇಶಿಯವರು. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಮುಖ್ಯ ಹಾಡುಗಾರರು ಬಾರಿಸುವ ದಪ್ಪಿಗೆ ಒಂದು ಕುಚ್ಚು ಕಟ್ಟಿರುತ್ತದೆ. ಹರದೇಶಿಯವರದು ತುರಾಯಿ, ನಾಗೇಶಿಯವರದು ಕಲಗಿ. ಸೋತವರು ಅದನ್ನು ಬಿಚ್ಚಿ ಗೆದ್ದವರ ಕೈಗೆ ಕೊಡಬೇಕು. ಕೊಟ್ಟ ಮೇಲೆ, ಗೆದ್ದವರು ಮತ್ತೆ ಕರೆದು ಎದುರು ನಿಲ್ಲಿಸುವತನಕ, ಬೋಳು ದಪ್ಪು ಹಿಡಿದು ಯಾವ ಊರಿನ ದೈವದ ಮುಂದೆಯೂ ಹಾಡುವಂತಿಲ್ಲ. ದೈವವೆಂದರೆ ನಮ್ಮಲ್ಲಿ ಕೂಡಿ ಕುಳಿತ ಊರ ಹಿರಿಯರು. ಆ ದಿನಗಳಲ್ಲಿ ಅವರ ಮಾತಿಗೆ ಮೇಲಿನ ಮಾತಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಯಜಮಾನರೇ ಒಂದು ಹರದೇಶಿ ಮೇಳದ ಮುಖ್ಯ ಹಾಡುಗಾರರು. ಎರೆ ಹೊಲದ ಒಕ್ಕಲಿಗ, ಎತ್ತರದ ಆಳು, ಒಳ್ಳೆಯ ಕಂಠ. ಅವರಿಗೆ ಜಗತ್ತಿನಲ್ಲಿ ಇದ್ದ ಚಿಂತೆ ಒಂದೇ, ಮುದ್ದೇಬಿಹಾಳದ ಕಡೆಯ ಆ ನಾಗೇಶಿ. ಐವತ್ತರ ಆಸುಪಾಸಿನ ಸಣ್ಣ ಮೈಯ ಹೆಣ್ಣುಮಗಳು, ಸಾಲೆಯ ಮುಖ ನೋಡಿದವಳಲ್ಲ. ಯಾರೋ ಪುರಾಣ ಓದುವಾಗ ಕಂಬಕ್ಕೆ ಆತು ಕುಳಿತು ಕೇಳಿದ್ದೆಲ್ಲ ಆಕೆಯ ತಲೆಯಲ್ಲಿ ನಿಂತಿತ್ತು. ಚಡಚಣದ ಕಡೆ ಹೋದರೆ ಮರಾಠಿಯಲ್ಲೂ ಜವಾಬು ಕೊಡುತ್ತಿದ್ದಳಂತೆ. ಯಜಮಾನರು ಎರಡು ಸಲ ಆಕೆಯ ಎದುರು ನಿಂತಿದ್ದರು. ಸೋತಿರಲಿಲ್ಲ, ಆದರೆ ಎರಡು ಸಲವೂ ಬೆವರಿಳಿಸಿಕೊಂಡು ಬಂದಿದ್ದರು.

“ಮಾಸ್ತರ, ಪುರಾಣದಾಗ ಆಕಿನ್ನ ಹಿಡಿಯಾಕ ಆಗೂದಿಲ್ಲರಿ” ಎಂದರು ಒಂದು ದಿನ. “ನೀವು ಇಂಗ್ಲೀಷ್ ಓದಿದವರು. ಆಕಿ ಹುಟ್ಟಿದಾಗಿಂದ ಕೇಳಿರಲಾರದ್ದು ಒಂದು ಸವಾಲ ಬರದ ಕೊಡ್ರಿ.”

ನನಗೆ ಆಗ ಇಪ್ಪತ್ತೇಳು. ಹೊಗಳಿಕೆಗೆ ಉಬ್ಬುವ ವಯಸ್ಸು ಎಂದು ತಪ್ಪಿಸಿಕೊಳ್ಳಲಾರೆ, ಏಕೆಂದರೆ ಈಗಲೂ ಉಬ್ಬುತ್ತೇನೆ. ಎಪ್ಪತ್ತೊಂದರ ಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು. ರೇಡಿಯೋದಲ್ಲಿ ಕೇಳಿದ ಹಡಗುಗಳ ಮಾತು ಚಹಾದಂಗಡಿಗಳಲ್ಲಿ ಇನ್ನೂ ಆರಿರಲಿಲ್ಲ. ಹಡಗಿನ ಮೇಲೆಯೇ ಬರೆಯೋಣ ಎನಿಸಿತು. ಬಸವನ ಬಾಗೇವಾಡಿ ನನ್ನ ಊರು. ಅಲ್ಲಿನ ವಾಚನಾಲಯದಲ್ಲಿ ಹಳೆಯ ಇಂಗ್ಲಿಷ್ ಚಿತ್ರವಾರಪತ್ರಿಕೆಗಳ ಕಟ್ಟುಗಳು ಧೂಳು ತಿನ್ನುತ್ತ ಬಿದ್ದಿದ್ದವು. ರಜೆಯಲ್ಲಿ ಹೋಗಿ ಕೆದಕಿದೆ. ಒಂದು ಸಂಚಿಕೆಯಲ್ಲಿ ಜರ್ಮನರ ಭಾರೀ ಕ್ರೂಸರ್ ಒಂದರ ಕಥೆ ಸಿಕ್ಕಿತು.

ಎಂಥ ಹಡಗು ಅದು! ಹಿಂದಿನ ಕಾಲದ ಯಾವನೋ ರಾಜಕುಮಾರನ ಹೆಸರು ಇಟ್ಟಿದ್ದರು. ಕ್ರೂಸರ್‌ಗಳು ಹತ್ತು ಸಾವಿರ ಟನ್ ಮೀರಬಾರದೆಂದು ದೇಶಗಳ ನಡುವೆ ಒಪ್ಪಂದವಿತ್ತು. ಜರ್ಮನರು ಕಾಗದದ ಮೇಲೆ ಹತ್ತು ಸಾವಿರ ಎಂದೇ ಬರೆದು, ಸಾವಿರಾರು ಟನ್ ಹೆಚ್ಚು ತೂಗುವ ಹಡಗನ್ನು ನೀರಿಗಿಳಿಸಿದರು. ನಾಲ್ಕು ಗೋಪುರಗಳಲ್ಲಿ ಎರಡೆರಡರಂತೆ ಎಂಟು ಇಂಚಿನ ಎಂಟು ತೋಪು, ತಳದಲ್ಲಿ ಹಡಗನ್ನು ಮುಂದೆ ನೂಕುವ ಮೂರು ದೊಡ್ಡ ಪಂಖಗಳು, ಉಗಿಯಿಂದ ತಿರುಗುವ ಟರ್ಬೈನುಗಳು. ಉಗಿ ಮಾಡುವ ಬಾಯ್ಲರುಗಳು ಮಾತ್ರ ಅತಿ ಒತ್ತಡದವು, ಮಾತುಮಾತಿಗೆ ಕೆಡುತ್ತಿದ್ದವು. ಹೊರಗಿನಿಂದ ನೋಡಿದರೆ ಅದು ಆ ಕಾಲದ ಅವರ ಅತಿ ದೊಡ್ಡ ಯುದ್ಧನೌಕೆಯ ತಮ್ಮನಂತೆಯೇ ಕಾಣುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಅಟ್ಲಾಂಟಿಕ್ ಸಾಗರಕ್ಕೆ ಹೊರಟಾಗ ಇಂಗ್ಲಿಷರು ಇವನನ್ನೇ ಅವನೆಂದು ತಿಳಿದು ಮೊದಲ ಗುಂಡು ಹಾರಿಸಿದರು. ತಪ್ಪು ತಿಳಿದವರ ಹಡಗೇ ಸಿಡಿದು ಮುಳುಗಿತು. ಕೆಲ ದಿನಗಳಲ್ಲಿ ಅಣ್ಣನೂ ಮುಳುಗಿದ, ತಮ್ಮ ಉಳಿದ.

ಆಮೇಲೂ ಅದು ಸಾಯಲೊಲ್ಲದು. ಹಾಡುಹಗಲೇ ಇಂಗ್ಲಿಷರ ಮೂಗಿನ ಕೆಳಗಿನ ಕಡಲ್ಗಾಲುವೆಯಲ್ಲೇ ನುಗ್ಗಿ ಪಾರಾಯಿತು. ನಾರ್ವೆಯ ಹತ್ತಿರ ಟಾರ್ಪಿಡೊ ಬಡಿದು ಹಿಂಭಾಗ ಮುರಿಯಿತು. ಹಂಗಾಮಿ ಚುಕ್ಕಾಣಿ ಜೋಡಿಸಿ, ನಾವಿಕರು ಗಾಣದ ಸುತ್ತ ತಿರುಗಿದಂತೆ ಕೈಯಿಂದ ಅದನ್ನು ತಿರುಗಿಸುತ್ತ ಮನೆ ಮುಟ್ಟಿಸಿದರು. ಮಂಜಿನಲ್ಲಿ ತಮ್ಮದೇ ಇನ್ನೊಂದು ಕ್ರೂಸರ್‌ಗೆ ಡಿಕ್ಕಿ ಹೊಡೆದು, ಎರಡೂ ಒಂದಕ್ಕೊಂದು ಸಿಕ್ಕಿಕೊಂಡು ಹದಿನಾಲ್ಕು ತಾಸು ನಿಂತವು. ಕಡೆಕಡೆಗೆ ಸೋತು ಹಿಂದೆ ಸರಿಯುತ್ತಿದ್ದ ತಮ್ಮ ಸೈನ್ಯಕ್ಕೆ ಬೆಂಬಲವಾಗಿ ದಂಡೆಯ ಮೇಲೆ ತೋಪು ಹಾರಿಸಿತು. ಯುದ್ಧ ಮುಗಿದಾಗ ಗೆದ್ದವರ ಕೈಸೇರಿತು. ಅಮೆರಿಕದವರು ಅದನ್ನು ಪೆಸಿಫಿಕ್ ಸಾಗರದ ಒಂದು ದ್ವೀಪಕ್ಕೆ ಎಳೆದೊಯ್ದು, ಬೇಡವಾದ ಹಡಗುಗಳ ಗುಂಪಿನಲ್ಲಿ ಲಂಗರು ಹಾಕಿ, ಆಳುಗಳನ್ನೆಲ್ಲ ಇಳಿಸಿದರು. ಅಣುಬಾಂಬು ಹಾಕಿ ಏನಾಗುತ್ತದೆ ನೋಡಬೇಕಾಗಿತ್ತು ಅವರಿಗೆ.

ಅಲ್ಲಿಗೆ ಆ ಸಂಚಿಕೆ ಮುಗಿದಿತ್ತು. ಉಳಿದದ್ದು ಮುಂದಿನ ವಾರ ಎಂದಿತ್ತು. ಮುಂದಿನ ವಾರದ ಸಂಚಿಕೆ ಕಟ್ಟಿನಲ್ಲಿ ಇರಲಿಲ್ಲ.

ಎರಡು ದಿನ ಹುಡುಕಿದೆ, ಸಿಗಲಿಲ್ಲ. ಅಣುಬಾಂಬು ಬಿದ್ದ ಮೇಲೆ ಹಡಗು ಉಳಿದೀತೇ ಎಂದುಕೊಂಡೆ. ಮುಳುಗಿರಲೇಬೇಕು. ಹಾಗೆಂದು ನನ್ನಷ್ಟಕ್ಕೆ ನಾನೇ ಕಥೆಗೆ ಕೊನೆ ಬರೆದೆ. ಅರ್ಧ ಕಥೆ ನನ್ನ ಕೈಯಲ್ಲಿಲ್ಲ ಎಂಬುದನ್ನು ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಬೇರೆ ಸವಾಲು ಬರೆಯಲು ಹೇಳುತ್ತಿದ್ದರು, ನನಗೆ ಬೇರೆ ಸವಾಲು ಬೇಕಾಗಿರಲಿಲ್ಲ.

ನಾಗರ ಪಂಚಮಿಯ ಮರುದಿನ ಇಂಡಿಗೂ ಸಿಂದಗಿಗೂ ನಡುವಿನ ಒಂದು ಊರಲ್ಲಿ ಮೇಳಗಳನ್ನು ಕೂಡಿಸಿದರು. ಮುಂಜಾನೆ ಹತ್ತಕ್ಕೆ ಶುರುವಾಯಿತು. ಊರ ಬಾಗಿಲು ಅಗಸಿಯ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕನ್ನೊಳ್ಳಿಯ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಆಕೆ ತನ್ನ ತಂಗಿಯನ್ನೂ ತಂಗಿಯ ಮಗಳನ್ನೂ ಹಿಮ್ಮೇಳಕ್ಕೆ ಕರೆತಂದಿದ್ದಳು. ಮಧ್ಯಾಹ್ನದವರೆಗೆ ನಮ್ಮವರು ಹಾಕಿದ ಸವಾಲುಗಳನ್ನೆಲ್ಲ ಆಕೆ ಕಡಲೆ ಒಡೆದಂತೆ ಒಡೆದು ಹಾಕಿದಳು. ಊಟವಾದ ಮೇಲೆ ಯಜಮಾನರು ನನ್ನ ಕಡೆ ನೋಡಿ ದಪ್ಪು ಎತ್ತಿದರು.

ಸವಾಲು ಹಾಕುವವರು ಅದರ ಜವಾಬನ್ನು ಮೊದಲೇ ಚೀಟಿಯಲ್ಲಿ ಬರೆದು ದೈವದ ಮುಂದೆ, ತೆಂಗಿನಕಾಯಿಯ ಕೆಳಗೆ ಇಡಬೇಕೆಂಬುದು ಪದ್ಧತಿ. ನಾನು “ಅಣುಬಾಂಬಿನಿಂದ” ಎಂದು ದುಂಡಗೆ ಬರೆದು ಇಟ್ಟಿದ್ದೆ. ಯಜಮಾನರು ಹಡಗಿನ ಹುಟ್ಟಿನಿಂದ ಹಿಡಿದು ದ್ವೀಪದಲ್ಲಿ ಲಂಗರು ಹಾಕಿದವರೆಗೂ ಹಾಡಿದರು. ಬಾಂಬಿನ ಮಾತನ್ನು ಮಾತ್ರ ನಾನು ಹಾಡಿನಲ್ಲಿ ಮುಚ್ಚಿಟ್ಟಿದ್ದೆ. ಕಡೆಯ ನುಡಿ ಹೀಗಿತ್ತು:

ಕಾಗದದಾಗ ಹತ್ತ ಸಾವಿರ ಟನ್ನ, ಕಡಲಾಗ ಇಳಿದರ ಬ್ಯಾರೆ ತೂಕ
ಗುಂಡಿಗೆ ಸಾಯಲಿಲ್ಲ, ಟಾರ್ಪಿಡೊಗೆ ಸಾಯಲಿಲ್ಲ, ಹೇಳ ಸಾವು ಬಂತ ಯಾತಕ್ಕ

ಸಮುದ್ರ ಕಾಣದ ಅಷ್ಟು ಜನ, ನಾನು ಬರೆದ ಹಡಗಿನ ಸಾವಿಗೆ ಕಿವಿಗೊಟ್ಟು ಕುಳಿತಿದ್ದರು. ಅಂಥ ಸುಖವನ್ನು ನಾನು ಮತ್ತೆ ಉಂಡಿಲ್ಲ.

ಜವಾಬು ಕೊಡುವವರು ಮೂರು ಮಾತು ತಿರುಗಿ ಕೇಳಬಹುದು. ಆಕೆ ಯಜಮಾನರನ್ನು ಬಿಟ್ಟು ನನ್ನನ್ನೇ ಕೇಳಿದಳು. ಸವಾಲು ಯಾರದೆಂದು ಆಕೆಗೆ ತಿಳಿದುಹೋಗಿತ್ತು.

“ಕಡೀಕ ಆ ಹಡಗಿನ್ಯಾಗ ಮಂದಿ ಇದ್ದರೇನ್ರಿ, ಮಾಸ್ತರ?”

“ಇಲ್ಲ, ಎಲ್ಲಾರೂ ಇಳದಿದ್ದರು.”

“ಯಾರದಾಗಿತ್ತು ಅದು?”

“ಕಟ್ಟಿದವರದಲ್ಲ, ಗೆದ್ದವರದು.”

“ಗೆದ್ದವರಿಗೆ ಅದು ಬೇಕಾಗಿತ್ತೇನ್ರಿ?”

“ಬೇಕಾಗಿದ್ದಿಲ್ಲ” ಎಂದೆ.

ಆಕೆ ಕಣ್ಣು ಮುಚ್ಚಿ ನಿಂತಳು. ತುಂತುಣಿ ಮಿಡಿಯುತ್ತಿದ್ದ ತಂಗಿಯ ಮಗಳು ಆಕೆಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಆಕೆ ಹಾಡಿದಳು:

ಆಳಿಲ್ಲದ ಮನಿಗೆ ಮಳಿ ಯಾಕ ಬೇಕ, ಒಂದ ತೂತ ಸೋರಿದರ ಸಾಕ
ಮೊಗದ ಚೆಲ್ಲವರಿಲ್ಲದ ಹಡಗ ಮುಳುಗಾಕ ತೋಪು ಗುಂಡು ಯಾಕ ಬೇಕ

ಹಡಗು ಎಲ್ಲೋ ಒಂದು ಕಡೆ ಸೋರಿತು, ನೀರು ಮೊಗೆದು ಚೆಲ್ಲಲು ಒಬ್ಬರೂ ಇರಲಿಲ್ಲ, ಆದ್ದರಿಂದ ತಾನಾಗಿಯೇ ಮುಳುಗಿತು ಎಂಬುದು ಆಕೆಯ ಜವಾಬು. ಹಿರಿಯರೊಬ್ಬರು ತೆಂಗಿನಕಾಯಿ ಎತ್ತಿ ಚೀಟಿ ಓದಿದರು. ಎರಡಕ್ಕೂ ತಾಳೆಯಾಗಲಿಲ್ಲ. ಆದರೂ ಆ ಹಿರಿಯರು ತೂಕದ ಮನುಷ್ಯ, ಅವಸರ ಮಾಡಲಿಲ್ಲ.

“ಮಾಸ್ತರ, ಅಕ್ಕ ಹೇಳಿದ್ದೂ ಒಂದು ಲೆಕ್ಕಕ್ಕ ಖರೆ ಅನಸ್ತೈತಿ. ನಮಗ ಇಂಗ್ಲೀಷ್ ಬರೂದಿಲ್ಲ. ಪುಸ್ತಕ ಓದಿದವರು ನೀವು. ಹಿಂಗ ಆಗಿದ್ದಿಲ್ಲಂತ ನೀವು ಹೇಳಿದ್ರ ಮುಗೀತು.”

ಸವಾಲು ಬರೆದವನನ್ನೇ ನ್ಯಾಯ ಹೇಳಲು ಕರೆಯುವುದು! ಸಾಲೆ ಮಾಸ್ತರನ ಮೇಲೆ ನಮ್ಮ ಊರುಗಳಿಗೆ ಆಗ ಅಂಥ ನಂಬಿಕೆ. ನನಗೆ ಗೊತ್ತಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆಕೆಯ ಜವಾಬು ನನ್ನ ಚೀಟಿಗಿಂತ ಸರಿಯಾಗಿ ಕೇಳುತ್ತಿದೆ ಎಂದೂ ಅನಿಸಿತು. “ಕಡೆಯ ಸಂಚಿಕೆ ನನಗೆ ಸಿಕ್ಕಿಲ್ಲ” ಎಂದು ಹೇಳಲು ಎಷ್ಟು ಹೊತ್ತು ಬೇಕು? ಯಜಮಾನರು ದಪ್ಪನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಜನ ನೋಡುತ್ತಿದ್ದರು. ನನ್ನ ಕ್ಲಾಸಿನ ಹತ್ತಾರು ಮಕ್ಕಳು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಆಕೆ ಕಲಗಿಗೆ ಕೈ ಹಾಕಿದಳು. ಗಂಟು ಬಹಳ ವರ್ಷದ್ದು, ಬೆರಳಿಗೆ ಬಿಚ್ಚಲಿಲ್ಲ. ಹಲ್ಲಿನಿಂದ ಬಿಚ್ಚಿದಳು. ಯಜಮಾನರ ಅಂಗೈಯಲ್ಲಿ ಇಟ್ಟು, ದೈವಕ್ಕೆ ಕೈ ಮುಗಿದು, ದಪ್ಪನ್ನು ಚೀಲದೊಳಗೆ ಹಾಕಿದಳು. ಹಿಮ್ಮೇಳದ ಹುಡುಗಿ ಬಿಕ್ಕಿದ್ದು ಕೇಳಿಸಿತು. ನನಗೆ ಟವೆಲ್ ಹೊದಿಸಿ ಕಾಯಿ ಕೊಟ್ಟರು. ಊರಿಗೆ ಮರಳುವಾಗ ಚಕ್ಕಡಿಯಲ್ಲಿ ನಾನೂ ಹಾಡಿದೆ. ಆ ವಾರವೆಲ್ಲ ಸೊಗಸಾಗಿ ಉಂಡು ಮಲಗಿದೆ. ಪಶ್ಚಾತ್ತಾಪ ಅವತ್ತೇ ಶುರುವಾಯಿತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅದು ಸುಳ್ಳು.

ಎರಡು ವರ್ಷದ ನಂತರ ಪರೀಕ್ಷೆಯ ಪೇಪರ್ ತಿದ್ದಲು ವಿಜಾಪುರಕ್ಕೆ ಹೋದೆ. ಬಿಡುವಿನಲ್ಲಿ ಕಾಲೇಜೊಂದರ ಗ್ರಂಥಾಲಯಕ್ಕೆ ನುಗ್ಗಿದಾಗ ಅದೇ ವಾರಪತ್ರಿಕೆಯ ಬೈಂಡು ಮಾಡಿದ ಸಂಪುಟಗಳು ಕಂಡವು. ಆ ವಾರದ್ದು ಇತ್ತು. ನಿಂತಲ್ಲೇ ಓದಿದೆ. ಎರಡು ಅಣುಬಾಂಬು ಸಿಡಿದರೂ ಹಡಗು ಮುಳುಗಿರಲಿಲ್ಲ. ಅದಕ್ಕೆ ಅಂಥ ಪೆಟ್ಟೇ ಬಿದ್ದಿರಲಿಲ್ಲ. ಆದರೆ ಬಾಂಬಿನ ಕಾಣದ ವಿಷ ಅದರ ಮೈಗೆಲ್ಲ ಹತ್ತಿತ್ತು, ಯಾರೂ ಅದರೊಳಗೆ ಹೋಗಿ ಇರುವಂತಿರಲಿಲ್ಲ. ಇನ್ನೊಂದು ದ್ವೀಪಕ್ಕೆ ಎಳೆದೊಯ್ದು ನಿಲ್ಲಿಸಿದರು. ಎಲ್ಲೋ ಸಣ್ಣಗೆ ಸೋರಲು ಶುರುವಾಯಿತು. ದುರಸ್ತಿ ಮಾಡಲು, ನೀರು ಹೊರಹಾಕಲು ಒಳಗೆ ಜನವಿರಲಿಲ್ಲ. ಕೆಲವು ತಿಂಗಳಲ್ಲಿ ವಾಲಿ, ದಂಡೆಯ ಹತ್ತಿರವೇ ಮಗುಚಿ ಬಿತ್ತು. ಮುಳುಗಿದ ಹಡಗಿನ ಒಂದು ಪಂಖ ನೀರಿನ ಮೇಲೆ ಕಾಣುವ ಫೋಟೋ ಕೂಡ ಇತ್ತು.

ಎಲ್ಲವನ್ನೂ ನೋಟುಬುಕ್ಕಿಗೆ ಇಳಿಸಿಕೊಂಡು ಊರಿಗೆ ಬಂದು ಯಜಮಾನರಿಗೆ ತೋರಿಸಿದೆ. ಅವರು ನಿಧಾನವಾಗಿ ಕೇಳಿದರು.

“ಇದು ಯಾರಿಗೆ ಗೊತ್ತೈತಿ?” ಎಂದರು.

“ನನಗ, ಈಗ ನಿಮಗ.”

“ಹಂಗಾದ್ರ ಇಲ್ಲಿಗೇ ಬಿಡ್ರಿ. ನನ್ನ ಮ್ಯಾಳದ ಮರ್ಯಾದಿ ಹೋಗತೈತಿ, ನಿಮ್ಮದೂ ಹೋಗತೈತಿ. ಊರಾಗ ಮಾಸ್ತರಕಿ ಹೆಂಗ ಮಾಡ್ತೀರಿ?”

ಅವರನ್ನು ಬೈದು ಪ್ರಯೋಜನವಿಲ್ಲ. ನನ್ನ ಕಿವಿ ಬಯಸುತ್ತಿದ್ದ ಮಾತನ್ನೇ ಅವರು ಹೇಳಿದರು. ಇನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ನಡುವೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅಲ್ಲಿ ಆಕೆಯ ಸುದ್ದಿ ಕಿವಿಗೆ ಬೀಳತೊಡಗಿತು. ಯಜಮಾನರು ಮತ್ತೆ ಕರೆದಿರಲಿಲ್ಲ, ಆಕೆ ಮೂರು ವರ್ಷದಿಂದ ಎಲ್ಲೂ ಹಾಡಿರಲಿಲ್ಲ. ತಂಗಿಯ ಮಗಳು ಬೇರೆ ಮೇಳ ಸೇರಿದ್ದಳು. ಒಂದು ರವಿವಾರ ಸಿಟ್ಟು ಬಂತು, ನನ್ನ ಮೇಲೆಯೇ. ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಆಕೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

“ಬರ್ರಿ ಮಾಸ್ತರ. ಹಡಗಿನ ಮಾಸ್ತರ ಅಲ್ಲೇನ್ರಿ ನೀವು?”

ಚಹಾ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಸಂಚಿಕೆ ಸಿಗದಿದ್ದದ್ದು, ಗೊತ್ತಿಲ್ಲದೆ ತಲೆ ಅಲ್ಲಾಡಿಸಿದ್ದು, ಸತ್ಯ ತಿಳಿದ ಮೇಲೂ ಒಂದು ವರ್ಷ ಸುಮ್ಮನಿದ್ದದ್ದು. ಬೈಯಲಿ ಎಂದು ಕಾಯುತ್ತಿದ್ದೆ. ಆಕೆ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟು, “ಅದನ್ನ ಓದ್ರಿ, ಹೆಂಗ ಮುಳುಗಿತು ಅಂತ” ಎಂದಳು. ನೋಟುಬುಕ್ಕಿನಿಂದ ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಇನ್ನೊಮ್ಮೆ ಓದಿಸಿದಳು. ಸೋರಿದ ಜಾಗ ಬಂದಾಗ ಆಕೆಯ ಮುಖ ಅರಳಿದ್ದನ್ನು ನೋಡಲಾರದೆ ನಾನು ಕೆಳಗೆ ನೋಡಿದೆ.

“ನಾ ಹೇಳಿದ್ದ ಖರೆ ಇತ್ತು ಹಂಗಾದ್ರ” ಎಂದಳು ಮೆಲ್ಲಗೆ.

“ಖರೆ ಇತ್ತರಿ ಅವ್ವಾರ. ನನ್ನಿಂದ ನಿಮ್ಮ ಹಾಡು ನಿಂತಿತು. ನಾ ಏನ ಮಾಡ್ಲಿ ಹೇಳ್ರಿ.”

“ಕಲಗಿ ಕೊಡಸ್ರಿ ಅನ್ನೂದಿಲ್ಲ ನಾ. ದೈವದ ಮುಂದ ನಿಂತು, ಆಕಿ ಕೊಟ್ಟ ಜವಾಬ ಖರೆ ಇತ್ತು ಅಂತ ಹೇಳ್ರಿ. ಅಷ್ಟ ಸಾಕು ನನಗ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ವರ್ಷ ಯಜಮಾನರ ಮೇಳ ಮುಳವಾಡಕ್ಕೆ ಬರುವುದಿತ್ತು. ಆಕೆಗೆ ಹೇಳಿ ಕಳಿಸಿದೆ. ಹಾಡು ಶುರುವಾಗುವ ಮೊದಲೇ, ಬಿಸಿಲು ಏರುವ ಹೊತ್ತಿಗೆ, ನಾನು ದೈವದ ಅಪ್ಪಣೆ ಕೇಳಿ ಎದ್ದು ನಿಂತೆ. ಆಕೆ ಹೆಂಗಸರ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಬಸ್ಸಿನಲ್ಲಿ ಹತ್ತು ಸಲ ಬಾಯಿಪಾಠ ಮಾಡಿಕೊಂಡು ಬಂದ ಮಾತು ಮೂರೇ ಮೂರು: ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳಿದೆ, ಆಕೆ ಗೆದ್ದಿದ್ದಳು.

ಆದರೆ ಎದುರಿಗೆ ಅಷ್ಟೊಂದು ಮುಖ ಕಂಡಾಗ ನಾಲಿಗೆ ಮೆತ್ತಗಾಯಿತು. ಅಂದಿನ ತೀರ್ಮಾನದಲ್ಲಿ ನನ್ನ ಕಡೆಯಿಂದ ಸ್ವಲ್ಪ ಅವಸರವಾಯಿತು ಎಂದೆ. ಬೇರೆ ಪುಸ್ತಕದಲ್ಲಿ ಬೇರೆ ರೀತಿ ಬರೆದಿದ್ದಾರೆ ಎಂದೆ. ಅವ್ವನವರು ಹೇಳಿದ್ದನ್ನೂ ನಾವು ಮಾನ್ಯ ಮಾಡಬೇಕು ಎಂದೆ. ಸುಳ್ಳು ಎಂಬ ಶಬ್ದ ನನ್ನ ಬಾಯಿಂದ ಹೊರಡಲೇ ಇಲ್ಲ. ಮುಂದಿನ ಮಾತು ಹುಡುಕುತ್ತಿದ್ದಾಗ ಯಜಮಾನರು ಥಟ್ಟನೆ ಎದ್ದು ನನ್ನ ಪಕ್ಕ ಬಂದು ನಿಂತರು.

“ದೈವದವರು ಕೇಳ್ರಿ. ನಮ್ಮ ಮಾಸ್ತರದು ಎಂಥಾ ದೊಡ್ಡ ಮನಸ ಐತಿ ನೋಡ್ರಿ. ಗೆದ್ದದ್ದನ್ನ ತಿರುಗಿ ಕೊಡಾಕ ಬಂದಾರ. ಅಕ್ಕ ಹಾಡು ಬಿಟ್ಟು ಕುಂತದ್ದು ಅವರಿಗೆ ನೋಡಾಕ ಆಗವಲ್ದು. ಮಾಸ್ತರ ಮಾತಿಗೆ ನಾನೂ ಒಪ್ಪೇನಿ. ಕಲಗಿ ಕೊಡ್ತೇನಿ.”

ಜನ ಚಪ್ಪಾಳೆ ಹೊಡೆದರು. ಅಂಥ ಚಪ್ಪಾಳೆ ನನಗೆ ಗೆದ್ದ ದಿನವೂ ಬಿದ್ದಿರಲಿಲ್ಲ. ಹಿರಿಯರೊಬ್ಬರು “ಪುಣ್ಯವಂತ” ಎಂದು ನನ್ನ ಬೆನ್ನು ತಟ್ಟಿದರು. ಯಜಮಾನರು ಮನಸ್ಸಿನಲ್ಲಿ ಲೆಕ್ಕ ಹಾಕಿ ಹಾಗೆ ಮಾಡಿದರೋ, ನಿಜವಾಗಿಯೂ ಹಾಗೆ ತಿಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಲ್ಲ, ದೊಡ್ಡ ಮನಸ್ಸಲ್ಲ, ನಾನು ಮೋಸ ಮಾಡಿದೆ ಎಂದು ಕೂಗಬಹುದಿತ್ತು. ಹಿಂದೆ ನಾನು ಆಡಿದ ಸುಳ್ಳನ್ನು ತಲೆಯ ಒಂದು ಅಲ್ಲಾಟಕ್ಕೆ ನಂಬಿದ ಜನ, ಕೂಗಿದ್ದರೆ ಖಂಡಿತ ಕೇಳುತ್ತಿದ್ದರು. ನಾನು ಕೈ ಮುಗಿದು ನಿಂತೆ. ಯಜಮಾನರು ಆಕೆಯನ್ನು ಮುಂದೆ ಕರೆದು, ತಮ್ಮ ದಪ್ಪಿಗೆ ಕಟ್ಟಿಕೊಂಡಿದ್ದ ಕಲಗಿ ಬಿಚ್ಚಿ ಕೊಟ್ಟರು. ಸೆರಗೊಡ್ಡಿ ತೆಗೆದುಕೊಂಡಳು. ಹಾಡು ಹೇಳಲು ಎಲ್ಲರೂ ಒತ್ತಾಯ ಮಾಡಿದರು. ಗಂಟಲು ಸರಿಯಿಲ್ಲ ಎಂದಳು.

ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತ ಆಕೆ ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ ಕುಳಿತಿದ್ದಾಗ ಹೋಗಿ ನಿಂತೆ. ಕಲಗಿ ಮಡಿಲಲ್ಲೇ ಇತ್ತು.

“ಇಷ್ಟ ದಿನ ಮಂದಿ, ಆಕಿ ಸೋತಳು ಅಂತಿದ್ದರು” ಎಂದಳು. “ಸೋಲೂದು ಗೆಲ್ಲೂದು ಹಾಡವರಿಗೆ ಇದ್ದದ್ದ. ಇನ್ನ ಮ್ಯಾಲ, ಪಾಪ ಮಾಸ್ತರ ಕರುಣಾ ಮಾಡಿ ಕೊಟ್ಟರು ಅಂತಾರ. ಕೊಟ್ಟ ಜವಾಬ ಖರೆ ಇತ್ತು ಅಂತ ಒಬ್ಬರೂ ಅನ್ನೂದಿಲ್ಲ. ಇದನ್ನ ಕಟಗೊಂಡು ನಾ ಯಾವ ಮಾರಿಲೆ ಹಾಡ್ಲಿ, ಮಾಸ್ತರ?”

ಬಸ್ಸು ಬಂದು ನಿಂತಿತು. ಆಕೆ ಎದ್ದು ಮೆಟ್ಟಿಲ ಮೇಲೆ ಕಾಲಿಟ್ಟಾಗ, “ನಾ ಸುಳ್ಳ ಹೇಳಿದ್ದೆ ಅವ್ವಾರ, ನೀವು ಗೆದ್ದಿದ್ದಿರಿ” ಎಂದೆ. ಈ ಸಲ ನಾಲಿಗೆ ತೊದಲಲಿಲ್ಲ. ಆದರೆ ಅದನ್ನು ಕೇಳಿದವಳು ಆಕೆಯೊಬ್ಬಳೇ. ಆಕೆಗೆ ಅದು ಮೊದಲೇ ಗೊತ್ತಿತ್ತು.